ಕಡಲ ನೀರಿನ ಪರೀಕ್ಷೆ

ಸಮುದ್ರದಿಂದ ಇಷ್ಟು ದೂರದಲ್ಲಿರುವ ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಕಡಲ ನೀರಿನ ಪ್ರಸ್ತಾಪವನ್ನೆತ್ತಿದರೆ ವಾಚಕಮಹಾಶಯರಿಗೆ ಆಶ್ಚರ್ಯವಾಗಬಹುದು. ನಮ್ಮಲ್ಲಿ ಅನೇಕರು ಸಮುದ್ರವನ್ನು ಕಂಡಿರುವುದು ಸುಬ್ರಹ್ಮಣ್ಯ ಧರ್ಮಸ್ಥಳಗಳ ಯಾತ್ರೆಯನ್ನು ಮುಗಿಸಿಕೊಂಡು ಮಂಗಳೂರಿಗೋ ಉಡುಪಿಗೋ ಹೋದಾಗ; ಅದೂ ಒಂದು ಸಾಯಂಕಾಲದ ಮಟ್ಟಿಗೆ. ಆದರೆ ಜಿಲ್ಲೆಯ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ನಮಗೆ ಒಂದಲ್ಲ, ಎರಡು ಸಮುದ್ರಗಳ ಸಂಬಂಧವುಂಟೆಂಬುದು ತಿಳಿಯುತ್ತದೆ. ಸಕಲೇಶಪುರದ ಘಟ್ಟದ ಅಂಚಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮೂಡಲಿಗೆ ಹರಿದು ಹೇಮಾವತಿಯನ್ನು ಸೇರಿ, ಗೊರೂರು ಹೊಳೆನರಸೀಪುರಗಳನ್ನು ಹಾದು, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಒಂದಾಗಿ ಬಂಗಾಳಕೊಲ್ಲಿಯ ಕಡೆಗೆ ಸಾಗುತ್ತದೆ. ಮತ್ತೊಂದು ಪಾಲು ಎತ್ತಿನಹೊಳೆ, ಕಾಡುಮನೆಹೊಳೆ ಮೊದಲಾದ ಹಳ್ಳಗಳಲ್ಲಿ ಪಡುವಲಿಗೆ ಧುಮುಕಿ, ಗುಂಡ್ಯದ ಹೊಳೆಯಾಗಿ ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಳಗೆ ಬೆರೆತು, ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಎತ್ತಿನಹೊಳೆಯ ನೀರನ್ನು ಮೂಡಲ ಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾಯಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಪ್ರಕೃತವಲ್ಲ. ನಮ್ಮ ತೋಟದ ಗೊಬ್ಬರವೂ, ಕಾಫಿಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರೂ, ಪೇಟೆಯ ಚರಂಡಿಯೂ ಕೊನೆಗೆ ಹೋಗಿ ನಿಲ್ಲುವುದು ಕಡಲಿನಲ್ಲಿ ಎಂಬಷ್ಟನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಆದರೂ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಸಮುದ್ರದಿಂದಲ್ಲ, ಒಂದು ಕೆರೆಯಿಂದ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಗ್ರಾಮದ ಕೆರೆಗೆ ಹೇಮಾವತಿಯ ನಾಲೆಯಿಂದ ನೀರು ಬರುತ್ತದೆ. ನಾಲ್ಕು ವರ್ಷಗಳ ಹಿಂದೆ, ವೈಶಾಖಮಾಸದಲ್ಲಿ, ಒಂದು ರಾತ್ರಿ ಭಾರಿ ಮಳೆ ಸುರಿದು ಎರಡು ದಿವಸ ಮೋಡ ಕವಿದಿದ್ದಿತು. ಮೂರನೆಯ ದಿವಸ ಬೆಳಗಾಗುವ ಹೊತ್ತಿಗೆ ಕಾಟ್ಲಾ ರೋಹು ಮೀನುಗಳು ಹೊಟ್ಟೆ ಮೇಲಾಗಿ ದಡದುದ್ದಕ್ಕೂ ತೇಲುತ್ತಿದ್ದುವು. ಗುತ್ತಿಗೆ ಹಿಡಿದಿದ್ದಾತನು ಸಾಲ ಮಾಡಿ ಮರಿ ಬಿಟ್ಟಿದ್ದವನು. ಅವನು ಅರ್ಜಿ ಕೊಟ್ಟ ಮೇಲೆ, ಎರಡು ದಿವಸ ಕಳೆದು, ನಡುಮಧ್ಯಾಹ್ನ ಒಬ್ಬರು ಬಂದು ಸೀಸೆಯಲ್ಲಿ ನೀರನ್ನು ತುಂಬಿಕೊಂಡು ಹೋದರು. ಐದು ವಾರಗಳ ತರುವಾಯ ವರದಿ ಬಂದಿತು. ನೀರಿನಲ್ಲಿ ಆಮ್ಲಜನಕವು ಬೇಕಾದಷ್ಟಿದೆ, ಮೀನಿನ ಜೀವನಕ್ಕೆ ಬಾಧಕವಾದ ದೋಷವೇನೂ ಕಂಡುಬಂದಿಲ್ಲ ಎಂದು ಅದರ ತಾತ್ಪರ್ಯ. ಊರಿನವರು ಅದನ್ನೋದಿ ತಮ್ಮದೇ ಆದ ಅನುಮಾನವನ್ನು ಕಟ್ಟಿದರು: ನೀರು ಸರಿಯಾಗಿದ್ದ ಮೇಲೆ ಮೀನು ಸತ್ತದ್ದು ವಿಷದಿಂದಲೇ, ವಿಷ ಬಂದದ್ದು ಕೆರೆಯ ಮೇಲುಗಡೆ ಶುಂಠಿ ಬೆಳೆದಿದ್ದವನ ಔಷಧಿಯ ಡ್ರಮ್ಮಿನಿಂದಲೇ. ಆ ಎರಡು ಮನೆಗಳವರೂ ತಲೆಮಾರುಗಳಿಂದ ಬೀಗತನ ಮಾಡಿಕೊಂಡು ಬಂದವರು. ಅಂದಿನಿಂದ ಹೋಗಿ ಬರುವುದು, ಅರಿಸಿನ ಕುಂಕುಮ ಕೊಡುವುದು ಎಲ್ಲವೂ ನಿಂತುಹೋಯಿತು. ಇಬ್ಬರೂ ನನ್ನಲ್ಲಿ ಓದಿದ ಹುಡುಗರು. ಒಂದು ಸೀಸೆ ನೀರು ಹೀಗೆ ಎರಡು ಮನೆಗಳನ್ನು ಅಗಲಿಸಿದ್ದು ಹೇಗೆಂದು ತಿಳಿಯುವ ಆಸೆಯಿಂದಲೇ ನಾನು ಜಲಪರೀಕ್ಷೆಯ ಚರಿತ್ರೆಯನ್ನು ಓದಲು ತೊಡಗಿದುದು.

ನಾನು ಕಲಿತದ್ದು ಪಾಠಶಾಲೆಯಲ್ಲಾದುದರಿಂದ ಮೊದಲು ಹಳೆಯ ಗ್ರಂಥಗಳನ್ನೇ ತೆಗೆದೆನು. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ನೀರಿನ ದೋಷಗಳನ್ನು ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ ಎಂದು ಆರು ಬಗೆಯಾಗಿ ವಿಭಾಗಿಸಿದೆ. ಮುಟ್ಟಿ, ನೋಡಿ, ರುಚಿ ನೋಡಿ, ಮೂಸಿ ಅರಿಯತಕ್ಕವು ನಾಲ್ಕು. ಕುಡಿದ ಮೇಲೆ ಅರಿಯತಕ್ಕವು ಎರಡು. ಬಗ್ಗಡವಾದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನೂ ಅಲ್ಲಿಯೇ ಹೇಳಿದೆ. ಅವುಗಳಲ್ಲಿ ಮೊದಲನೆಯದು ಕತಕ, ಎಂದರೆ ನಮ್ಮ ಚಿಲ್ಲದ ಬೀಜ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿಯೂ ಬಾವಿಯ ನೀರನ್ನು ಸರಿಪಡಿಸುವುದಕ್ಕೆ ಇದೇ ಬೀಜವು ಬರುತ್ತದೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಸುಶ್ರುತದ ಕಲ್ಪಸ್ಥಾನದ 3ನೆಯ ಅಧ್ಯಾಯ. ಶತ್ರುವು ವಿಷವಿಕ್ಕಿದ ಜಲಾಶಯವನ್ನು ಸೈನ್ಯದ ವೈದ್ಯನು ಹೇಗೆ ಗುರುತಿಸಬೇಕೆಂಬುದು ಅಲ್ಲಿಯ ವಿಚಾರ. ನೀರು ಲೋಳೆಯಾಗುತ್ತದೆ, ಕಟುವಾದ ವಾಸನೆ ಬರುತ್ತದೆ, ನೊರೆಗಟ್ಟಿ ಮೇಲೆ ಗೆರೆಗಳು ಕಾಣುತ್ತವೆ, ಕಪ್ಪೆ ಮೀನುಗಳು ಸಾಯುತ್ತವೆ, ದಡದ ಹಕ್ಕಿಗಳು ಮತ್ತೇರಿದಂತೆ ಸುತ್ತುತ್ತವೆ ಎಂದು ಗ್ರಂಥಕರ್ತನು ಹೇಳುತ್ತಾನೆ. ಹಗಲಿರುಳೂ ನೀರಿನಲ್ಲಿಯೇ ಇದ್ದು, ಕೆಡುಕನ್ನು ಆ ಕ್ಷಣದಲ್ಲಿಯೇ ತಿಳಿಸುವ ಪರೀಕ್ಷಕನು ಅಂದು ಕಪ್ಪೆಯೇ ಆಗಿದ್ದಿತು. ನಮ್ಮ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನದ ಬಳಿ ದೇವರ ಮೀನುಗಳಿಗೆ ಪುರಿ ಎರಚುವವರು ಪುಣ್ಯದ ಜೊತೆಗೆ ನದಿಯ ಆರೋಗ್ಯವನ್ನೂ ದಿನದಿನವೂ ಕಣ್ಣಾರೆ ನೋಡುತ್ತಿರುತ್ತಾರೆ. ಅವರಿಗೆ ಹಾಗೆಂದು ತೋರದಿರಬಹುದು.

ಕಡಲ ತೀರದಲ್ಲಿಯೂ ಈ ಅರಿವು ಹಳೆಯದು. ಕೆಲವು ವರ್ಷಗಳ ಹಿಂದೆ ಮಲ್ಪೆಯಲ್ಲಿ ಬಲೆಯನ್ನು ಸರಿಮಾಡುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಮಾತನಾಡಿಸಿದಾಗ ಅವರು, “ಮಾಸ್ಟ್ರೇ, ನೀರು ಕೆಟ್ಟದ್ದು ನಮಗಿಂತ ಮುಂಚೆ ಮೀನಿಗೆ ಗೊತ್ತಾಗ್ತದೆ. ಕೆಲವು ವರ್ಷ ಮಳೆ ಬಿಡುವಾಗ ಅಡಿಯ ಮೀನು ತಾನಾಗಿಯೇ ದಡಕ್ಕೆ ಬರ್ತದೆ. ಪುಕ್ಕಟೆ ಮೀನು ಅಂತ ಹೊಸಬರು ಹಿಗ್ಗುತ್ತಾರೆ, ನಮಗೆ ಹೆದರಿಕೆ ಆಗ್ತದೆ” ಎಂದರು. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿಯ ಮೀನುಗಾರಿಕೆಯ ಅಧಿಕಾರಿಯಾಗಿದ್ದ ಜೇಮ್ಸ್ ಹಾರ್ನೆಲ್ ಎಂಬವರು ಇದೇ ಜಾತಿಯ ಸಂಗತಿಯನ್ನು ವಿಚಾರಿಸಿ 1917ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಮಲಬಾರು ಮತ್ತು ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುವುದಕ್ಕೆ, ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿಯು ಅಪಾರವಾಗಿ ಬೆಳೆದು ನೀರಿನ ಬಣ್ಣವನ್ನೇ ಬದಲಿಸುವುದು ಕಾರಣವೆಂದು ಅವರು ತೋರಿಸಿದರು. ಇದಕ್ಕೆ ಮತ್ತೊಂದು ಕಾರಣವೂ ಉಂಟೆಂಬುದು ಈಚೆಗೆ ಸ್ಪಷ್ಟವಾಗಿದೆ. ನೈಋತ್ಯ ಮಾರುತದ ಕಾಲದಲ್ಲಿ ನಮ್ಮ ಪಶ್ಚಿಮ ತೀರದ ಮೇಲ್ನೀರು ಹೊರಕ್ಕೆ ಸರಿದು, ಆಳದಲ್ಲಿದ್ದ ತಣ್ಣಗಿನ ನೀರು ದಡದ ಕಡೆಗೆ ಏರಿಬರುತ್ತದೆ. ಆ ನೀರಿನಲ್ಲಿ ಗೊಬ್ಬರದ ಸಾರ ಹೆಚ್ಚು, ಆಮ್ಲಜನಕ ಕಡಮೆ. ಬೂತಾಯಿ ಬಂಗುಡೆಗಳ ಸಮೃದ್ಧಿಗೆ ಮೂಲವೂ ಅದೇ, ಉಸಿರು ಕಟ್ಟಿಸುವುದೂ ಅದೇ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಪಶ್ಚಿಮ ತೀರದ ಈ ಆಮ್ಲಜನಕದ ಕೊರತೆಯು ತೀವ್ರವಾಗುತ್ತಿದೆಯೆಂದೂ, ನೆಲದ ಮೇಲಿನಿಂದ ಕೊಚ್ಚಿ ಬರುವ ಗೊಬ್ಬರದ ಸಾರವು ಅದಕ್ಕೆ ಒಂದು ಕಾರಣವಿರಬಹುದೆಂದೂ ಸೂಚಿಸಿದರು. ಅಂದ ಮೇಲೆ ಘಟ್ಟದ ಮೇಲಿನವರಾದ ನಾವು ಇದರಲ್ಲಿ ಕೇವಲ ಪ್ರೇಕ್ಷಕರಲ್ಲ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನಿಖರವಾಗಿ ಅಳೆಯುವ ಕ್ರಮವನ್ನು 1888ರಲ್ಲಿ ಹಂಗೇರಿ ದೇಶದ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದನು. ಗಾಳಿಯ ಗುಳ್ಳೆ ಸೇರದಂತೆ ಸೀಸೆಯನ್ನು ತುಂಬಿ, ಮ್ಯಾಂಗನೀಸಿನ ಲವಣವನ್ನೂ ಕ್ಷಾರವನ್ನೂ ಹಾಕಿದರೆ ಆಮ್ಲಜನಕವು ಕಂದುಬಣ್ಣದ ಗಷ್ಟಾಗಿ ಸಿಕ್ಕಿಬೀಳುತ್ತದೆ. ಮುಂದೆ ಆಮ್ಲವನ್ನು ಹಾಕಿ, ಗಂಜಿಯ ನೀಲಿ ಮಾಯವಾಗುವವರೆಗೆ ತೊಟ್ಟುತೊಟ್ಟಾಗಿ ದ್ರಾವಣವನ್ನು ಬಿಟ್ಟು ಲೆಕ್ಕ ಹಾಕುವುದು. ಈ ಕ್ರಮವು ಎಷ್ಟು ಸತ್ಯಸಂಧವಾದುದೆಂದರೆ ಇಂದಿಗೂ ಹೊಸ ಉಪಕರಣಗಳನ್ನು ಒರೆಹಚ್ಚಿ ನೋಡುವುದು ಇದರಿಂದಲೇ. ಅದಕ್ಕೂ ಮುಂಚೆ, 1865ರಲ್ಲಿ, ಇಟಲಿಯ ಜ್ಯೋತಿಷ್ಶಾಸ್ತ್ರಜ್ಞನಾದ ಪಾದ್ರಿ ಸೆಕ್ಕಿಯು ಒಂದು ಬಿಳಿಯ ತಟ್ಟೆಯನ್ನು ಹಗ್ಗದಲ್ಲಿ ಕಡಲಿಗಿಳಿಬಿಟ್ಟು, ಅದು ಯಾವ ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆಯೋ ಅದೇ ನೀರಿನ ತಿಳಿತನದ ಅಳತೆಯೆಂದು ಗೊತ್ತುಮಾಡಿದ್ದನು. ಇಷ್ಟು ಸರಳವಾದ ಉಪಾಯವು ಇನ್ನೂ ಬಳಕೆಯಲ್ಲಿರುವುದನ್ನು ಕಂಡರೆ ಸಂತೋಷವಾಗುತ್ತದೆ.

ಕೊಳಕಿನ ಅಳತೆಗೆ ಪ್ರಸಿದ್ಧವಾದ ಇನ್ನೊಂದು ಪರೀಕ್ಷೆಯನ್ನು ಇಂಗ್ಲೆಂಡಿನ ಚರಂಡಿಗಳ ವಿಚಾರಣಾ ಆಯೋಗವು 1912ರಲ್ಲಿ ಸ್ಥಿರಪಡಿಸಿತು. ನೀರನ್ನು ಸೀಸೆಯಲ್ಲಿ ಐದು ದಿವಸ ಕತ್ತಲೆಯಲ್ಲಿಟ್ಟು, ಅದರೊಳಗಿನ ಜೀವಾಣುಗಳು ಎಷ್ಟು ಆಮ್ಲಜನಕವನ್ನು ತಿಂದುಹಾಕುತ್ತವೆಂದು ನೋಡುವುದು. ಐದೇ ದಿವಸವೇಕೆಂದರೆ, ಇಂಗ್ಲೆಂಡಿನ ನದಿಗಳ ನೀರು ಅಷ್ಟರೊಳಗೆ ಸಮುದ್ರವನ್ನು ಸೇರಿಬಿಡುತ್ತದೆಂದು ಹೇಳುವುದುಂಟು. ನಮ್ಮ ದೇಶದ ಸೆಕೆಗೆ ತಕ್ಕಂತೆ ಈಗ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿವಸ ಇಡುತ್ತಾರೆ. ಇದರಲ್ಲಿರುವ ವಿನೋದವನ್ನು ವಾಚಕರು ಗಮನಿಸಬೇಕು. ಆಷಾಢದ ಪ್ರವಾಹದಲ್ಲಿ ಗುಂಡ್ಯದ ನೀರು ಮಂಗಳೂರನ್ನು ಮುಟ್ಟಲು ಮೂರು ದಿವಸ ಬೇಕಾಗಲಾರದು. ಪರೀಕ್ಷೆಯ ಫಲ ತಿಳಿಯುವ ಹೊತ್ತಿಗೆ ಪರೀಕ್ಷಿಸಿದ ನೀರು ಕಡಲಿನಲ್ಲಿರುತ್ತದೆ. ಸೀಸೆಯು ಹೇಳುವುದೆಲ್ಲ ಭೂತಕಾಲದ ಮಾತು.

ಹಾಗೆ ತಡವಾಗಿ ತಿಳಿದುದರ ಘೋರವಾದ ಉದಾಹರಣೆಯು ಜಪಾನಿನ ಮಿನಮಾಟ ಕೊಲ್ಲಿಯದು. ಅಲ್ಲಿಯ ಕಾರ್ಖಾನೆಯ ನೀರಿನೊಡನೆ ಪಾದರಸವು ಕಡಲಿಗೆ ಹರಿದು ಮೀನಿನಲ್ಲಿ ಶೇಖರವಾಯಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತುವು. ಊರಿನವರು ನೋಡಿದರು, ಅರ್ಥವಾಗಲಿಲ್ಲ. ಮನುಷ್ಯರ ರೋಗವು ಅಧಿಕೃತವಾಗಿ ದಾಖಲಾದುದು 1956ರ ಮೇ ತಿಂಗಳಲ್ಲಿ. ಕಾರ್ಖಾನೆಯೇ ಕಾರಣವೆಂದು ಅಲ್ಲಿಯ ಸರ್ಕಾರವು ಒಪ್ಪಿಕೊಂಡುದು 1968ರಲ್ಲಿ. ಸುಶ್ರುತನ ಕಪ್ಪೆಯ ಸ್ಥಾನದಲ್ಲಿ ಅಲ್ಲಿ ಬೆಕ್ಕು ನಿಂತಿದ್ದಿತು ಎನ್ನಬಹುದು. ನಮ್ಮಲ್ಲಿ ಜಲಮಾಲಿನ್ಯ ನಿವಾರಣೆಯ ಶಾಸನವು ಬಂದುದು 1974ರಲ್ಲಿ. ಕೇಂದ್ರದ ಮಂಡಳಿಯೂ ಕರ್ಣಾಟಕದ ಮಂಡಳಿಯೂ ಅದೇ ವರ್ಷ ಸ್ಥಾಪಿತವಾದುವು. ಕರಾವಳಿಯ ಸಮುದ್ರದ ನೀರನ್ನು ಕ್ರಮವಾಗಿ ಪರೀಕ್ಷಿಸುವ ದೇಶವ್ಯಾಪಿಯಾದ ಕಾರ್ಯವು 1990ರ ಸುಮಾರಿಗೆ ಪ್ರಾರಂಭವಾಯಿತು. ಅದೂ ದೋಣಿಯಲ್ಲಿ ಹೋಗಿ ಸೀಸೆಯಲ್ಲಿ ತರುವ ಕ್ರಮವೇ. ಮಳೆಗಾಲದ ಉಬ್ಬರದಲ್ಲಿ, ಎಂದರೆ ನೀರು ಕೆಡುವ ಕಾಲದಲ್ಲಿಯೇ, ದೋಣಿ ಹೋಗಲಾರದು.

ಪರೀಕ್ಷಕನನ್ನೇ ನೀರಿನೊಳಗೆ ಬಿಟ್ಟುಬರುವ ಉಪಾಯವು ಬಂದುದು ವೈದ್ಯಶಾಸ್ತ್ರದ ಕಡೆಯಿಂದ ಎಂಬುದು ಸ್ವಾರಸ್ಯವಾದ ಸಂಗತಿ. ರೋಗಿಯ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯಬೇಕೆಂದು ಅಮೆರಿಕದ ಲೆಲೆಂಡ್ ಕ್ಲಾರ್ಕ್ ಎಂಬಾತನು ಪ್ಲಾಟಿನಮ್ಮಿನ ತುದಿಗೆ ತೆಳುವಾದ ಪೊರೆಯನ್ನು ಹೊದಿಸಿ ಒಂದು ಕಡ್ಡಿಯನ್ನು ನಿರ್ಮಿಸಿ 1956ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಪೊರೆಯ ಮೂಲಕ ಎಷ್ಟು ಆಮ್ಲಜನಕ ಒಳಕ್ಕೆ ಹೋಗುತ್ತದೆಯೋ ಅಷ್ಟು ವಿದ್ಯುತ್ತು ಹರಿಯುತ್ತದೆ. ರಕ್ತದಿಂದ ಅದು ನದಿಗೂ ಕಡಲಿಗೂ ಬಂದಿತು. ಈಚಿನ ಸೆನ್ಸರುಗಳಲ್ಲಿ ವಿದ್ಯುತ್ತಿಗೆ ಬದಲಾಗಿ ಬೆಳಕು ಕೆಲಸ ಮಾಡುತ್ತದೆ. ನೀಲಿಯ ಬೆಳಕನ್ನು ಬಿಟ್ಟಾಗ ಕೆಂಪಗೆ ಮಿನುಗುವ ಒಂದು ಬಣ್ಣವನ್ನು ತುದಿಗೆ ಲೇಪಿಸಿರುತ್ತಾರೆ; ಆಮ್ಲಜನಕ ಹೆಚ್ಚಿದ್ದಷ್ಟೂ ಆ ಮಿನುಗು ಬೇಗ ನಂದುತ್ತದೆ. ನೀರಿನ ಕದಡನ್ನು ಅಳೆಯುವುದಕ್ಕೂ ಬೆಳಕೇ ಸಾಧನ: ಒಂದು ಕಡೆಯಿಂದ ಕಿರಣವನ್ನು ಬಿಟ್ಟು, ಕಣಗಳಿಗೆ ತಾಗಿ ಚದರಿದ ಬೆಳಕನ್ನು ಪಕ್ಕದಿಂದ ಹಿಡಿಯುವುದು. ಇದನ್ನೋದುವಾಗ ನನಗೆ ಸರ್ ಸಿ. ವಿ. ರಾಮನ್ನರ ಜ್ಞಾಪಕ ಬಂದಿತು. ಅವರು 1921ರಲ್ಲಿ ನಾರ್ಕುಂಡಾ ಎಂಬ ಹಡಗಿನಲ್ಲಿ ಬರುವಾಗ ಒಂದು ಪುಟ್ಟ ಪಟ್ಟಕದ ಮೂಲಕ ಕಡಲನ್ನು ನೋಡಿ, ಅದರ ನೀಲಿಯು ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದರಿಸುವುದರಿಂದ ಹುಟ್ಟಿದ್ದೆಂದು ಕಂಡರು. ಬೆಂಗಳೂರಿನಲ್ಲಿ ನೆಲಸಿ ನಮ್ಮವರೇ ಆದ ಆ ಮಹನೀಯರು ಅಂದು ಮಾಡಿದುದೂ ಸಮುದ್ರದ ನೀರನ್ನು ಸಮುದ್ರದ ಮೇಲೆಯೇ ಪರೀಕ್ಷಿಸುವ ಕೆಲಸ.

ಇಂತಹ ಸೆನ್ಸರುಗಳನ್ನು ಲಂಗರು ಹಾಕಿದ ಬೋಯ್ ಎಂಬ ತೇಲುವ ಪೀಪಾಯಿಗೆ ಕಟ್ಟಿ, ಮೇಲೆ ಸೂರ್ಯಫಲಕವನ್ನಿಟ್ಟು, ಅಳತೆಗಳನ್ನು ದಡಕ್ಕೆ ತಂತಿಯಿಲ್ಲದೆ ಕಳುಹಿಸುವ ಏರ್ಪಾಡು ಈಗ ನಡೆದಿದೆ. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಸಮುದ್ರವಾರ್ತಾ ಕೇಂದ್ರವು, ಜನರು ಇನ್‌ಕಾಯಿಸ್ ಎಂದು ಕರೆಯುವ ಸಂಸ್ಥೆ, 2022ರಲ್ಲಿ ಕೊಚ್ಚಿ ಮತ್ತು ವಿಶಾಖಪಟ್ಟಣಗಳ ತೀರದಲ್ಲಿ ನೀರಿನ ಗುಣವನ್ನು ಆಯಾ ಕ್ಷಣದಲ್ಲಿ ತಿಳಿಸುವ ಬೋಯ್‌ಗಳನ್ನು ಕಾರ್ಯಕ್ಕೆ ತಂದಿತು. ಉಪ್ಪು, ಉಷ್ಣತೆ, ಆಮ್ಲಜನಕ, ಕದಡು, ಪಾಚಿಯ ಹಸಿರು, ಎಲ್ಲವೂ ಮಳೆಗಾಲದ ನಡುರಾತ್ರಿಯಲ್ಲಿಯೂ ಬರುತ್ತಿರಬೇಕೆಂಬುದು ಉದ್ದೇಶ. ನೆಲದ ಮೇಲೆ, ಅತಿಯಾಗಿ ಮಾಲಿನ್ಯವುಂಟುಮಾಡುವ 17 ವರ್ಗದ ಕೈಗಾರಿಕೆಗಳು ತಮ್ಮ ನೀರಿನ ಮೋರಿಯಲ್ಲಿಯೇ ಇಂತಹ ಉಪಕರಣಗಳನ್ನಿಡತಕ್ಕದ್ದೆಂದು ಕೇಂದ್ರ ಮಂಡಳಿಯು 2014ರ ಫೆಬ್ರವರಿಯಲ್ಲಿ ನಿರ್ದೇಶಿಸಿತು.

ಈ ವಿಚಾರದಲ್ಲಿ ಅತಿಯಾದ ಉತ್ಸಾಹವೂ ಸಲ್ಲದು. ಕಡಲಿನಲ್ಲಿ ಇಳಿಬಿಟ್ಟ ವಸ್ತುವನ್ನು ಪಾಚಿಯೂ ಸಣ್ಣ ಚಿಪ್ಪುಗಳೂ ಕೆಲವೇ ವಾರಗಳಲ್ಲಿ ಮುಚ್ಚಿಬಿಡುತ್ತವೆ. ತಾಮ್ರದ ಕವಚ ತೊಡಿಸಿದರೂ, ಸಣ್ಣ ಕುಂಚವನ್ನಿಟ್ಟರೂ, ಕೊನೆಗೆ ಒಬ್ಬ ಮನುಷ್ಯನು ದೋಣಿಯಲ್ಲಿ ಹೋಗಿ ತೊಳೆದು ಬರಲೇಬೇಕು. ತೊಳೆಯದ ಸೆನ್ಸರು ಸುಳ್ಳು ಹೇಳುತ್ತದೆ, ಅದೂ ಬಹಳ ಧೈರ್ಯವಾಗಿ. ಮಲದ ಜೀವಾಣುಗಳ ಎಣಿಕೆಗೆ ಈಗಲೂ ಪ್ರಯೋಗಶಾಲೆಯ ಸೀಸೆಯೇ ಗತಿ. 2020ರಲ್ಲಿ ನೀಲಿ ಬಾವುಟದ ಮನ್ನಣೆಯನ್ನು ಪಡೆದ ಪಡುಬಿದ್ರೆ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಲ್ಲಿಯೂ ಸ್ನಾನದ ನೀರನ್ನು ನಿಯತಕಾಲಗಳಲ್ಲಿ ಹಾಗೆ ಪರೀಕ್ಷಿಸಬೇಕಾಗುತ್ತದೆ. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲವೆಂದು ಮನುಸ್ಮೃತಿಯಲ್ಲಿ ಒಂದು ಮಾತುಂಟು. ಅಳತೆಯು ಪರದೆಯ ಮೇಲೆ ಮೂಡಿದ ಮಾತ್ರಕ್ಕೂ ಆಗುವುದಿಲ್ಲ. ಪೋಲೆಂಡ್ ದೇಶದ ವಾರ್ಸಾ ನಗರದ ನೀರಿನ ಕಾರ್ಖಾನೆಯಲ್ಲಿ ಇಷ್ಟೆಲ್ಲ ಯಂತ್ರಗಳ ಜೊತೆಗೆ ಎಂಟು ಕಪ್ಪೆಚಿಪ್ಪುಗಳನ್ನು ಹರಿಯುವ ನೀರಿನಲ್ಲಿಟ್ಟು, ಅವುಗಳ ಬೆನ್ನಿಗೆ ಸೆನ್ಸರು ಅಂಟಿಸಿದ್ದಾರೆ. ನೀರು ಕೆಟ್ಟರೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ, ಒಡನೆಯೇ ಎಚ್ಚರಿಕೆ ಮೊಳಗುತ್ತದೆ. ಸುಶ್ರುತನು ಇದನ್ನು ನೋಡಿದ್ದರೆ ತಲೆದೂಗುತ್ತಿದ್ದನೆಂದು ನನ್ನ ಭಾವನೆ.

ನಮ್ಮ ಕೆರೆಯ ವೃತ್ತಾಂತವನ್ನು ಅರ್ಧಕ್ಕೆ ಬಿಟ್ಟೆನು. ಹಾಸನದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿರುವ ನನ್ನ ಶಿಷ್ಯನೊಬ್ಬನ ಮುಂದೆ ಆ ವರದಿಯನ್ನಿಟ್ಟಾಗ ಅವನು ಅಂಕಿಗಳನ್ನು ನೋಡಲೇ ಇಲ್ಲ. “ನೀರು ಹಿಡಿದದ್ದು ಎಷ್ಟು ಗಂಟೆಗೆ, ಗುರುಗಳೇ?” ಎಂದು ಕೇಳಿದನು. ಹಗಲಿನಲ್ಲಿ ಬಿಸಿಲಿಗೆ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಲ್ಲಿ ಅದೇ ಪಾಚಿಯೂ, ಮಳೆಗೆ ಕೊಚ್ಚಿ ಬಂದ ಗೊಬ್ಬರ ಗೋಡುಗಳನ್ನು ಕೊಳೆಯಿಸುವ ಜೀವಾಣುಗಳೂ ಅದನ್ನು ತಿನ್ನುತ್ತವೆ. ಎರಡು ದಿವಸ ಬಿಸಿಲಿಲ್ಲದಿದ್ದರೆ ಮೂರನೆಯ ದಿನದ ಬೆಳಗಿನ ಜಾವಕ್ಕೆ ಉಗ್ರಾಣ ಬರಿದು. ಕಳೆದ ವೈಶಾಖದಲ್ಲಿ ಅವನು ತನ್ನ ಉಪಕರಣವನ್ನು ತಂದು, ತೂಬಿನ ಬಳಿ ಬಿದಿರಿನ ಗಳುವಿಗೆ ಕಟ್ಟಿ, ಹತ್ತು ನಿಮಿಷಕ್ಕೊಂದರಂತೆ ನಾಲ್ಕು ರಾತ್ರಿ ಅಳತೆ ಬರೆಯಿಸಿದನು. ನಡುವೆ ಒಂದು ದಿವಸ ಮಳೆಯೂ ಬಂದಿತು. ಮಧ್ಯಾಹ್ನ ಎರಡು ಗಂಟೆಗೆ ಲೀಟರಿಗೆ 9 ಮಿಲಿಗ್ರಾಮಿದ್ದ ಆಮ್ಲಜನಕವು ಬೆಳಗಿನ ಐದು ಗಂಟೆಗೆ 2 ಮಿಲಿಗ್ರಾಮಿಗೂ ಕೆಳಗಿಳಿದಿದ್ದಿತು. ಮೀನು ಸಾಕುವ ನೀರಿನಲ್ಲಿ 4 ಆದರೂ ಇರಬೇಕು. ನಾಲ್ಕು ವರ್ಷಗಳ ಹಿಂದಿನ ಆ ಬೆಳಗ್ಗೆ ನಡೆದುದೂ ಇದೇ ಎಂದು ಪ್ರಮಾಣ ಮಾಡಿ ಹೇಳುವಂತಿಲ್ಲ. ಆದರೆ ವಿಷವಿಲ್ಲದೆಯೂ ಮೀನು ಸಾಯಬಹುದಾಗಿದ್ದಿತು ಎಂದು ಹೇಳಬಹುದು.

ಐದನೆಯ ದಿವಸ ನಸುಕಿನಲ್ಲಿ ಇಬ್ಬರನ್ನೂ ಕೆರೆಯ ಬಳಿಗೆ ಬರಹೇಳಿದೆನು. ಶುಂಠಿಯವನು ಮೊದಲು ಬಂದನು. ಉಪಕರಣದ ಮೇಲಿನ ಅಂಕಿಯನ್ನು ನಾನು ಓದಿ ಹೇಳುತ್ತಿರುವಾಗ ಗುತ್ತಿಗೆಯವನೂ ಬಂದನು. ಏರಿಯ ಆ ಕೊನೆಯಲ್ಲಿ, ತೂಬಿನಿಂದ ಮೂವತ್ತು ಮಾರು ದೂರದಲ್ಲಿ, ಟವಲು ಹೊದ್ದುಕೊಂಡು ನಿಂತನು. ನಾನು ಕಾಗದವನ್ನು ತೆಗೆದುಕೊಂಡು ಅವನ ಬಳಿಗೆ ಹೋದೆನು. ಅವನು ಅದನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, “ಮನೇಲಿ ತೋರಿಸ್ತೀನಿ, ಮೇಷ್ಟ್ರೇ” ಎಂದು ಹೇಳಿ ಹೊರಟುಹೋದನು.